ನಮ್ಮ ಕಾರೂ ಆಗುಂಬೆಯ ಘಾಟಿಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಮೋಟಾರು ಕಾರಿನ ರೋಗವನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ನಾನು ಯಂತ್ರವಿದ್ಯೆಯಲ್ಲಿ ಪಂಡಿತನಲ್ಲ. ಪಿ.ಯು.ಸಿ.ಯಲ್ಲಿ ಎರಡು ವರ್ಷ ವಿಜ್ಞಾನವನ್ನು ಓದಿದ್ದುಂಟು. ಆದರೆ ಆ ಶಾಸ್ತ್ರಕ್ಕೂ ನನಗೂ ಪರಸ್ಪರ ಒಮ್ಮತದಿಂದಲೇ ವಿಚ್ಛೇದನವಾಯಿತು. ಈಗ ಇತಿಹಾಸ, ಅರ್ಥಶಾಸ್ತ್ರಗಳ ನೆರಳಿನಲ್ಲಿ ಸುಖವಾಗಿದ್ದೇನೆ. ಹೀಗಿದ್ದೂ ಈ ವಿಷಯವನ್ನೇ ಏಕೆ ಆರಿಸಿಕೊಂಡೆನೆಂದರೆ, ಇದರಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಇದುವರೆಗೆ ಮೂರೇ ಮೂರು ಜನಕ್ಕೆ ಹೇಳಿದ್ದೇನೆ. ಸಂಪಾದಕ ಮಿತ್ರರು ಪುಟ ಕೊಟ್ಟಿರುವುದರಿಂದ ಇನ್ನುಳಿದವರಿಗೂ ಹೇಳಿಬಿಡುತ್ತೇನೆ.

ನಮ್ಮ ಮನೆ ತೀರ್ಥಹಳ್ಳಿಯ ಕಡೆ. ಎರಡೆಕರೆ ಅಡಕೆ ತೋಟ, ಸ್ವಲ್ಪ ಗದ್ದೆ, ಮತ್ತು ಒಂದು ಅಂಬಾಸಿಡರ್ ಕಾರು. ಅಜ್ಜಯ್ಯ ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಎಂದರೆ 1985ರಲ್ಲಿ, ಕೊಂಡದ್ದು ಅದು. ಬಿಳಿಯ ಬಣ್ಣ, ನಾಲ್ಕು ಸಿಲಿಂಡರು, 1489 ಸಿ.ಸಿ.ಯ ಪೆಟ್ರೋಲು ಎಂಜಿನು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿ. ಕಲ್ಕತ್ತೆಯ ಬಳಿಯ ಉತ್ತರಪಾರಾದ ಕಾರ್ಖಾನೆಯಲ್ಲಿ ಅದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಿಸಿ, 2014ರಲ್ಲಿ ನಿಲ್ಲಿಸಿದರು. ಕಾರ್ಖಾನೆ ಮುಚ್ಚಿದ ಮೇಲೂ ನಮ್ಮ ಕಾರು ಮಾತ್ರ ತನಗೆ ಸುದ್ದಿ ತಲುಪಿಲ್ಲವೆಂಬಂತೆ ಓಡುತ್ತಲೇ ಇತ್ತು. ಊರಿನಲ್ಲಿ ಹೆರಿಗೆಯಾಗಲಿ, ಹಾವು ಕಚ್ಚಲಿ, ದಿಬ್ಬಣ ಹೊರಡಲಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಜನ ನಮ್ಮ ಅಂಗಳಕ್ಕೇ ಬರುತ್ತಿದ್ದರು. ಅಪ್ಪಯ್ಯ ಪೆಟ್ರೋಲಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತಿದ್ದರು. ಕೆಲವರಿಂದ ಅದನ್ನೂ ಇಲ್ಲ.

ಕಾರಿಗೆ ವೈದ್ಯರೊಬ್ಬರಿದ್ದರು. ಪೇಟೆಯ ತುದಿಯಲ್ಲಿ ತಗಡಿನ ಮಾಡಿನ ಗ್ಯಾರೇಜು ಇಟ್ಟುಕೊಂಡಿದ್ದ ಮೇಸ್ತ್ರಿಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಂಕೋಚವಾದೀತು. ಅಜ್ಜಯ್ಯನ ಕಾಲದಿಂದಲೂ ಆ ಕಾರಿಗೆ ಅವರ ಕೈ ಬಿಟ್ಟು ಬೇರೆ ಕೈ ತಾಗಿದ್ದಿಲ್ಲ. ಅಪ್ಪಯ್ಯನಿಗೂ ಅವರಿಗೂ ಇದ್ದದ್ದು ಗಿರಾಕಿಯ ಸಂಬಂಧವಲ್ಲ. ಸಂತೆಯ ದಿನ ಅಪ್ಪಯ್ಯ ಕೆಲಸವಿಲ್ಲದೆಯೂ ಅಲ್ಲಿಗೆ ಹೋಗಿ ಹಳೆಯ ಟಯರಿನ ಮೇಲೆ ಕುಳಿತು ಒಂದು ಗಂಟೆ ಎಲೆಯಡಕೆ ಹಾಕಿ ಬರುತ್ತಿದ್ದರು.

2022ರ ಅಕ್ಟೋಬರಿನಲ್ಲಿ ನಮ್ಮ ದೊಡ್ಡಮ್ಮನಿಗೆ ಕಾಯಿಲೆಯೆಂದು ಗೊತ್ತಾಯಿತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ನಮ್ಮೊಂದಿಗೇ ಇದ್ದರು. ನನ್ನನ್ನು ಎತ್ತಿ ಆಡಿಸಿದವರು ಅವರೇ. ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ‘ಗಂಟು’ ಎಂದಷ್ಟೇ ಹೇಳುತ್ತಿದ್ದೆವು. ಮೂರು ವಾರಕ್ಕೊಮ್ಮೆಯಂತೆ ಆರು ಸಲ ಮಣಿಪಾಲದ ಆಸ್ಪತ್ರೆಗೆ ಹೋಗಿ ರಕ್ತನಾಳಕ್ಕೆ ಔಷಧ ಹಾಕಿಸಿಕೊಂಡು ಬರಬೇಕೆಂದು ವೈದ್ಯರು ಹೇಳಿದರು. ಬೆಳಿಗ್ಗೆ ಕತ್ತಲೆಯಲ್ಲಿ ಹೊರಟು, ಆಗುಂಬೆ ದಾಟಿ, ಘಾಟಿ ಇಳಿದು, ಸೋಮೇಶ್ವರ, ಹೆಬ್ರಿಯ ಮೇಲೆ ಮಣಿಪಾಲ. ಸಂಜೆ ಅದೇ ದಾರಿಯಲ್ಲಿ ಮರಳುವುದು. ಮರಳುವಾಗ ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು ಮಲಗಿರುತ್ತಿದ್ದರು. ಬಾಯೆಲ್ಲ ತಾಮ್ರದ ರುಚಿ ಎನ್ನುತ್ತಿದ್ದರು. ಪಕ್ಕದಲ್ಲಿ ಅಮ್ಮ, ಮುಂದೆ ನಾನು. ಬಸ್ಸಿನಲ್ಲಿ ಅವರನ್ನು ಆ ತಿರುವುಗಳಲ್ಲಿ ಕರೆತರುವುದು ಸಾಧ್ಯವೇ ಇರಲಿಲ್ಲ.

ಆಗುಂಬೆಯ ಘಾಟಿಯನ್ನು ನೋಡದವರಿಗೆ ಒಂದು ಮಾತು. ಆಗುಂಬೆ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ; ಸೋಮೇಶ್ವರ ಅದರ ಪಾದದಲ್ಲಿದೆ. ನಡುವೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಭಾರಿ ಲಾರಿಗಳನ್ನು ಈ ದಾರಿಯಲ್ಲಿ ಬಿಡುವುದೇ ಇಲ್ಲ. ಪ್ರವಾಸಿಗಳು ಸೂರ್ಯಾಸ್ತ ನೋಡಲು ಬಂದು ಹಾಡಿ ಕುಣಿದು ಹೋಗುತ್ತಾರೆ. ಅಲ್ಲಿಯ ಸೂರ್ಯಾಸ್ತದ ಮೇಲೆ ನನಗೆ ಈಗ ಅಷ್ಟೇನೂ ಪ್ರೀತಿಯಿಲ್ಲ. ನಾನು ಅದನ್ನು ನೋಡಿದ್ದೆಲ್ಲ ಕಾರಿನ ಹಿಂಚಕ್ರಕ್ಕೆ ಕಲ್ಲು ಕೊಟ್ಟು ನಿಂತುಕೊಂಡೇ.

ಮೊದಲನೆಯ ಸಲ ಹೀಗಾಯಿತು. ಎಂಟನೆಯ ತಿರುವು ದಾಟಿ ಎರಡನೇ ಗೇರಿನಲ್ಲಿ ಏರುತ್ತಿದ್ದೇವೆ. ಅಪ್ಪಯ್ಯ ಪೆಡಲನ್ನು ಪೂರ್ತಿ ಒತ್ತಿದ್ದಾರೆ, ಆದರೆ ಕಾರು ಮುಂದೆ ಹೋಗಲು ಮನಸ್ಸು ಮಾಡುತ್ತಿಲ್ಲ. ದಮ್ಮಿನವರು ಮೆಟ್ಟಿಲು ಹತ್ತುವಂತೆ ಒಂದೆರಡು ಸಲ ಮುಕ್ಕರಿಸಿತು. ಮೊದಲನೇ ಗೇರಿಗೆ ಹಾಕಿದರು. ಹತ್ತು ಮಾರು ಹೋಗಿ ಎಂಜಿನು ನಿಂತೇಹೋಯಿತು. ಮಂಜು ಇಳಿಯುತ್ತಿತ್ತು. ಹಿಂದಿನಿಂದ ಬಂದ ಮಿನಿಬಸ್ಸು ಹಾರನ್ನು ಹೊಡೆದು ಪಕ್ಕಕ್ಕೆ ಸರಿದು ಹೋಯಿತು. ದೊಡ್ಡಮ್ಮನಿಗೆ ವಾಂತಿಯಾಯಿತು. ಬಾನೆಟ್ಟು ಎತ್ತಿ, ಅಲ್ಲಿ ಇಲ್ಲಿ ಮುಟ್ಟಿ, ಹತ್ತು ನಿಮಿಷ ಕಳೆದ ಮೇಲೆ ಅಪ್ಪಯ್ಯ ಮತ್ತೆ ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಎಂಜಿನು ಹೊರಟಿತು. ಮೂರು ತಿರುವು ಹೋಗಿ ಮತ್ತೆ ನಿಂತಿತು. ಮತ್ತೆ ಹತ್ತು ನಿಮಿಷ, ಮತ್ತೆ ಹೊರಟಿತು. ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ.

ಈ ಹತ್ತು ನಿಮಿಷವೇ ನಮ್ಮನ್ನು ಸುಮಾರು ಮೂರು ತಿಂಗಳ ಕಾಲ ದಾರಿತಪ್ಪಿಸಿದ್ದು. ಯಾಕೆಂದರೆ ಹತ್ತು ನಿಮಿಷ ಹಿಡಿಯುವ ಯಾವ ಚಿಕಿತ್ಸೆ ಮಾಡಿದರೂ ಗಾಡಿ ವಾಸಿಯಾಗುತ್ತಿತ್ತು. ಬಿಸಿಯಾದ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ನಿಂತಿದೆ ಎಂದು ಒಬ್ಬ ಡ್ರೈವರು ಒದ್ದೆ ಬಟ್ಟೆ ಸುತ್ತಿಸಿದ; ಗಾಡಿ ಹೊರಟಿತು. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದೆವು; ಹೊರಟಿತು. ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಬ್ಯಾಟರಿಯ ತಂತಿಯನ್ನು ಅಲ್ಲಾಡಿಸಿ ಗಟ್ಟಿಮಾಡಿದರು; ಹೊರಟಿತು. ಒಂದು ಸಲ ಅಮ್ಮ ದೇವಸ್ಥಾನದ ತೆಂಗಿನಕಾಯಿಯನ್ನೇ ಚಕ್ರದ ಮುಂದೆ ಒಡೆಸಿದಳು, ಆಗಲೂ ಹೊರಟಿತು. ಪ್ರತಿಯೊಬ್ಬ ವೈದ್ಯನೂ ತನ್ನ ಔಷಧವೇ ಫಲಿಸಿತೆಂದು ಸಂತೋಷದಿಂದ ಹೋದ. ಅವರನ್ನು ಏನೆನ್ನಲಿ? ನಾವೂ ಹಾಗೆಯೇ ನಂಬಿದೆವು.

ಮರುದಿನ ಕಾರನ್ನು ಮೇಸ್ತ್ರಿಗಳ ಬಳಿ ಒಯ್ದೆವು. ಅವರು ಬಾನೆಟ್ಟು ಎತ್ತಲಿಲ್ಲ. ಕೈಯನ್ನು ಹತ್ತಿಯ ವೇಸ್ಟಿನಲ್ಲಿ ಒರೆಸಿಕೊಳ್ಳುತ್ತ, “ಅದು ಸಾಯುವಾಗ ಹೇಗೆ ಸತ್ತಿತು ಹೇಳಿ ಗೌಡ್ರೆ,” ಎಂದರು.

ಈ ಪ್ರಶ್ನೆಯ ಬೆಲೆ ನನಗೆ ಆಗ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಏರಿನಲ್ಲಿ ಬಲ ಸೋಲುವುದಕ್ಕೆ ದಾರಿಗಳು ಹಲವು. ಕ್ಲಚ್ಚು ಜಾರಿದರೆ ಎಂಜಿನು ಕಿರಿಚಿಕೊಳ್ಳುತ್ತದೆ, ಗಾಡಿ ಮಾತ್ರ ಹೋಗುವುದಿಲ್ಲ. ಬ್ರೇಕು ಹಿಡಿದುಕೊಂಡಿದ್ದರೆ ಇಳಿದು ಮುಟ್ಟಿ ನೋಡಿದಾಗ ಚಕ್ರದ ಡ್ರಮ್ಮು ಸುಡುತ್ತಿರುತ್ತದೆ. ಕಿಡಿ ಸಾಲದಿದ್ದರೆ ಪಟಪಟನೆ ಮಿಸ್ಸು ಹೊಡೆಯುತ್ತದೆ, ಹಿಂದೆ ಪಟಾಕಿಯೂ ಸಿಡಿಯಬಹುದು. ಸೈಲೆನ್ಸರು ಕಟ್ಟಿದ್ದರೆ ಏರಿನಲ್ಲೇನು, ನೇರ ರಸ್ತೆಯಲ್ಲೂ ವೇಗ ಏರುವುದಿಲ್ಲ. “ಹೊಟ್ಟೆಗಿಲ್ಲದೆ ಸತ್ತರೆ ಮಾತ್ರ ಹೀಗೆ ಮೆಲ್ಲಗೆ, ಮುಕ್ಕರಿಸಿಕೊಂಡು ಸಾಯ್ತದೆ. ಇದು ಪೆಟ್ರೋಲಿನದೇ ತೊಂದರೆ. ಎಲ್ಲಿ ತಡೆದಿದೆ ಅಂತ ನೋಡಬೇಕು.”

ಅವರ ರೋಗನಿದಾನ ಅಕ್ಷರಶಃ ಸರಿಯಾಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕಾರಿನ ಪೆಟ್ರೋಲು ಟ್ಯಾಂಕು ಇರುವುದು ಹಿಂದೆ, ಎಂಜಿನು ಮುಂದೆ. ಎಂಜಿನಿನ ಪಕ್ಕದಲ್ಲಿರುವ ಪಂಪು ತನ್ನೊಳಗಿನ ರಬ್ಬರಿನ ಪೊರೆಯನ್ನು ಮೇಲೆ ಕೆಳಗೆ ಆಡಿಸಿ, ಕಾರಿನ ಉದ್ದಕ್ಕೂ ಹಾಯ್ದಿರುವ ಕೊಳವೆಯಿಂದ ಪೆಟ್ರೋಲನ್ನು ಹೀರಿ ಕಾರ್ಬ್ಯುರೇಟರಿನ ಬಟ್ಟಲಿಗೆ ತುಂಬುತ್ತದೆ. ಏರಿನಲ್ಲಿ ಮೂತಿ ಮೇಲಾಗುವುದರಿಂದ ಪಂಪು ಇನ್ನೂ ಎತ್ತರಕ್ಕೆ ಹೀರಬೇಕು. ಅದೇ ಹೊತ್ತಿಗೆ ಎಂಜಿನಿಗೆ ಸಮತಟ್ಟಿಗಿಂತ ಎಷ್ಟೋ ಪಾಲು ಹೆಚ್ಚು ಪೆಟ್ರೋಲು ಬೇಕು. ಎಲ್ಲಾದರೂ ಸ್ವಲ್ಪ ತಡೆಯಿದ್ದರೆ ಅದು ಊರೊಳಗೆ ಗೊತ್ತಾಗದೆ ಘಾಟಿಯಲ್ಲಿ ಗೊತ್ತಾಗುತ್ತದೆ.

ಮೇಸ್ತ್ರಿಗಳು ಕಾರ್ಬ್ಯುರೇಟರನ್ನು ಬಿಚ್ಚಿ, ಜೆಟ್ಟಿನ ಸಣ್ಣ ತೂತನ್ನು ಗಾಳಿ ಊದಿ ಶುಚಿಮಾಡಿದರು. ಕಿಡಿಯ ಅನುಮಾನವೂ ಉಳಿಯಬಾರದೆಂದು ಪಾಯಿಂಟನ್ನು ಇಂಚಿನ ಸಾವಿರದ ಹದಿನೈದು ಪಾಲಿಗೆ ಫೀಲರ್ ಗೇಜು ತೂರಿಸಿ ಹೊಂದಿಸಿದರು. ಕೊಳವೆಯನ್ನು ಬಿಚ್ಚಿ ಎಂಜಿನು ತಿರುಗಿಸಿ ನೋಡಿದರೆ ಪೆಟ್ರೋಲು ಚಿಮ್ಮಿ ಚಿಮ್ಮಿ ಬಂತು. ಗ್ಯಾರೇಜಿನ ಹಿಂದಿನ ದಿಬ್ಬವನ್ನು ಕಾರು ಹುಡುಗನಂತೆ ಹತ್ತಿತು. ನವೆಂಬರಿನಲ್ಲಿ ಮತ್ತೆ ಮಣಿಪಾಲಕ್ಕೆ ಹೋದೆವು. ಮತ್ತೆ ಅದೇ ಘಾಟಿ, ಅದೇ ಕತೆ.

ಆಮೇಲೆ ಪಂಪು ಬಿಚ್ಚಿದರು. ಈಚೆಗೆ ಪೆಟ್ರೋಲಿಗೆ ಎಥನಾಲು ಬೆರೆಸುವುದರಿಂದ ಹಳೆಯ ಗಾಡಿಗಳ ರಬ್ಬರು ಬೇಗ ಕೆಡುತ್ತದೆ ಎಂದು ಹೇಳಿ ಹೊಸ ಪೊರೆ ಹಾಕಿದರು. ಸಾಮಾನು, ಕೂಲಿ ಸೇರಿ ಸಾವಿರದ ಎಂಟುನೂರು ರೂಪಾಯಿ. ನೆರೆಮನೆಯ ನಿವೃತ್ತ ಮೇಷ್ಟರೊಬ್ಬರು, ಎತ್ತರ ಏರಿದಂತೆ ಗಾಳಿ ತೆಳುವಾಗುವುದರಿಂದ ಎಂಜಿನಿನ ಬಲ ಕುಂದುತ್ತದೆಂದು ಶಾಸ್ತ್ರೋಕ್ತವಾಗಿ ವಿವರಿಸಿದರು. ಸಾವಿರ ಮೀಟರಿಗೆ ಸುಮಾರು ಹತ್ತರಲ್ಲಿ ಒಂದು ಪಾಲು ಎಂಬುದು ನಿಜವೇ. ಅದನ್ನು ಕೇಳಿ ಮೇಸ್ತ್ರಿಗಳು, “ಆಗುಂಬೆಯಲ್ಲೇ ಗಾಳಿ ಸಾಲದಿದ್ದರೆ ಊಟಿಯಲ್ಲಿ ಜನ ಕಾರನ್ನು ಹೊತ್ತುಕೊಂಡು ತಿರುಗ್ತಾರಾ?” ಎಂದು ಕೇಳಿದರು. ಆದರೆ ಅವರ ನಗೆಯಲ್ಲಿ ಮೊದಲಿನ ಧೈರ್ಯವಿರಲಿಲ್ಲ. ಹೊರಡುವಾಗ ಹೇಳಿದರು: “ಗ್ಯಾರೇಜಿನಲ್ಲಿ ಇದು ಕೆಡೋದೇ ಇಲ್ಲ. ಘಾಟಿಯಲ್ಲಿ ನಾನೊಂದು ಸಲ ಜೊತೆಗೆ ಕೂತು ಬರಬೇಕು ಗೌಡ್ರೆ.”

ಅಪ್ಪಯ್ಯ, “ನೋಡೋಣ,” ಎಂದರು. ಕಾಯಿಲೆಯ ಹೆಂಗಸು ಕಾಲು ಚಾಚಿ ಮಲಗುವ ಗಾಡಿಯಲ್ಲಿ ಇನ್ನೊಬ್ಬರನ್ನು ತುರುಕುವುದು ಅವರಿಗೆ ಇಷ್ಟವಿರಲಿಲ್ಲ.

ಮೂರನೆಯ ಸಲ, ನವೆಂಬರ್ ಕೊನೆಗೆ, ಕಾರು ಘಾಟಿಯಲ್ಲಿ ನಾಲ್ಕು ಕಡೆ ನಿಂತಿತು. ಮಳೆಯೂ ಬಂತು. ಕೊನೆಯ ಸಲ ನಿಂತಾಗ ದೊಡ್ಡಮ್ಮ, “ನನ್ನನ್ನು ಇಲ್ಲೇ ಬಿಟ್ಟು ನೀವು ಹೋಗಿ,” ಎಂದರು. ತಮಾಷೆಗೆ ಹೇಳಿದರೋ ಹೇಗೋ, ಯಾರೂ ನಗಲಿಲ್ಲ. ಮರುದಿನ ಅಪ್ಪಯ್ಯ ಗ್ಯಾರೇಜಿಗೆ ಹೋಗಿ ನಿಂತುಕೊಂಡೇ ಮಾತಾಡಿದರು. ನಾನು ಜೊತೆಗಿದ್ದೆ. “ನಿಮಗೆ ವಯಸ್ಸಾಯ್ತು ಮೇಸ್ತ್ರಿ. ಗೊತ್ತಾಗದಿದ್ದರೆ ಗೊತ್ತಾಗಲ್ಲ ಅನ್ನಿ. ರೋಗಿಯನ್ನು ಇಟ್ಟುಕೊಂಡು ಆಟ ಆಡಬೇಡಿ.” ಮೇಸ್ತ್ರಿಗಳು ಒಂದೂ ಮಾತಾಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿ ಇಟ್ಟರು. ಪಂಪಿನ ಸಾವಿರದ ಎಂಟುನೂರನ್ನು ಅವರು ಕೇಳಲಿಲ್ಲ, ಅಪ್ಪಯ್ಯ ಕೊಡಲೂ ಇಲ್ಲ. ಅಂದಿನಿಂದ ಸಂತೆಯ ದಿನ ಆ ಟಯರು ಖಾಲಿಯಾಗಿ ಉಳಿಯಿತು.

ಕಾರು ಶಿವಮೊಗ್ಗದ ಒಂದು ದೊಡ್ಡ ಗ್ಯಾರೇಜಿಗೆ ಹೋಯಿತು. ಅಲ್ಲಿ ಬೇರೊಂದು ಕಾರ್ಬ್ಯುರೇಟರನ್ನೇ ಹೊಂದಿಸಿಕೊಟ್ಟರು. ಒಂಬತ್ತು ಸಾವಿರದ ಚಿಲ್ಲರೆ ಬಿಲ್ಲಾಯಿತು; ಅದನ್ನು ಕೊಡಲು ಒಂದು ಮೂಟೆ ಅಡಕೆಯನ್ನು ಧಾರಣೆ ನೋಡದೆ ಮಾರಿದರು. ಡಿಸೆಂಬರಿನಲ್ಲಿ ನಾಲ್ಕನೆಯ ಪ್ರಯಾಣ. ಆಶ್ಚರ್ಯವೆಂದರೆ, ಕಾರು ಹದಿನಾಲ್ಕು ತಿರುವನ್ನೂ ಒಂದೇ ಉಸಿರಿಗೆ ಹತ್ತಿತು. ಆಗುಂಬೆಯ ಪೇಟೆಯಲ್ಲಿ ಅಪ್ಪಯ್ಯ ಕಾರು ನಿಲ್ಲಿಸಿ ಎಲ್ಲರಿಗೂ ಕಾಫಿ ಕೊಡಿಸಿದರು. “ನೋಡಿದೆಯಾ? ಬಲ್ಲವರ ಕೈಗೆ ಕೊಡಬೇಕು. ಮೂವತ್ತು ವರ್ಷ ಆ ಮನುಷ್ಯನನ್ನು ನಂಬಿದೆ,” ಎಂದರು. ನನಗೆ ಮೇಸ್ತ್ರಿಗಳ ಮುಖ ನೆನಪಾಗಿ ಕಾಫಿ ರುಚಿಸಲಿಲ್ಲ, ಆದರೂ ಕುಡಿದೆ.

2023ರ ಜನವರಿಯಲ್ಲಿ ಐದನೆಯ ಪ್ರಯಾಣ. ಆಸ್ಪತ್ರೆಯಲ್ಲಿ ತಡವಾಗಿ, ಘಾಟಿಯ ಬುಡಕ್ಕೆ ಬಂದಾಗಲೇ ಕತ್ತಲೆ. ಆರನೆಯ ತಿರುವಿನ ಮೇಲೆ ಕಾರು ಮುಕ್ಕರಿಸಿತು. ಅಪ್ಪಯ್ಯ ಸ್ಟೀರಿಂಗನ್ನು ಅಂಗೈಯಿಂದ ಒಮ್ಮೆ ಹೊಡೆದರು. ನಾನು ಅಭ್ಯಾಸದಂತೆ ಇಳಿದು ಕಲ್ಲು ಕೊಟ್ಟೆ. ಅಪ್ಪಯ್ಯ ಇಳಿಯಲೇ ಇಲ್ಲ. ಕತ್ತಲೆಯಲ್ಲಿ ಕುಳಿತು, “ನಾಳೆಯೇ ಗುಜರಿಯವನಿಗೆ ಹೇಳಿಕಳಿಸ್ತೇನೆ,” ಎಂದರು. ಅಜ್ಜಯ್ಯನ ಕಾರನ್ನು ಕುರಿತು ಆ ಮಾತನ್ನು ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದೆ.

ಆಗ ಹಿಂದಿನ ಸೀಟಿನಿಂದ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಹೋದ ಸಲ ಹೆಬ್ರಿಯಲ್ಲಿ ಪೆಟ್ರೋಲು ಹಾಕಿಸಲಿಲ್ಲ, ಬಂಕಿನಲ್ಲಿ ಸಾಲಿತ್ತು ಅಂತ ಹಾಗೇ ಬಂದೆವಲ್ಲ? ಅವತ್ತು ಚೆನ್ನಾಗಿ ಹತ್ತಿತು. ಹೊಟ್ಟೆ ತುಂಬಾ ಕೊಟ್ಟ ದಿನವೆಲ್ಲ ಇದಕ್ಕೆ ಹೀಗೇ.”

ನಾವು ಮೂವರು ದಾರಿಯನ್ನು ನೋಡುತ್ತಿದ್ದೆವು, ಬಾನೆಟ್ಟನ್ನು ನೋಡುತ್ತಿದ್ದೆವು. ಮಲಗಿದ್ದವರು ಮಾತ್ರ ಎಲ್ಲವನ್ನೂ ಎಣಿಸುತ್ತಿದ್ದರು. ಘಾಟಿ ಹತ್ತುವ ಮುಂಚೆ ಟ್ಯಾಂಕು ತುಂಬಿರಬೇಕೆಂಬುದು ಅಜ್ಜಯ್ಯ ಹಾಕಿಕೊಟ್ಟ ಕ್ರಮ. ಪ್ರತಿ ಸಲವೂ ಹೆಬ್ರಿಯಲ್ಲಿ ಅಂಚಿನವರೆಗೆ ತುಂಬಿಸುತ್ತಿದ್ದೆವು, ಆ ಒಂದು ದಿನ ಬಿಟ್ಟು. ಶಿವಮೊಗ್ಗದ ಗ್ಯಾರೇಜಿಗೆ ಕೀರ್ತಿ ತಂದದ್ದು ಅವರ ಕಾರ್ಬ್ಯುರೇಟರಲ್ಲ, ಬಂಕಿನ ಸಾಲು.

ತುಂಬಿದ ಟ್ಯಾಂಕಿಗೂ ಖಾಲಿ ಟ್ಯಾಂಕಿಗೂ ಏನು ವ್ಯತ್ಯಾಸ? ಒಂದರಲ್ಲಿ ಪೆಟ್ರೋಲು ಹೆಚ್ಚು. ಇನ್ನೊಂದರಲ್ಲಿ—

ನಾನು ಟಾರ್ಚು ಹಿಡಿದು ಕಾರಿನ ಹಿಂದಕ್ಕೆ ಹೋದೆ. ಟ್ಯಾಂಕಿನ ಮುಚ್ಚಳದ ಮೇಲೆ ಕೈ ಇಟ್ಟೆ. ಹೆಬ್ಬೆರಳಿಗೆ ಒಂದು ಸಣ್ಣ ಗಟ್ಟಿ ಉಬ್ಬು ಸಿಕ್ಕಿತು. ಸಿಕ್ಕಿದ ಕ್ಷಣವೇ ನನಗೆ ಎಲ್ಲವೂ ಗೊತ್ತಾಯಿತು, ಮೈಯೆಲ್ಲ ಬಿಸಿಯಾಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 2022ರ ಜುಲೈನ ಮಳೆಗೆ ಪೆಟ್ರೋಲಿನಲ್ಲಿ ನೀರು ಸೇರಿತ್ತು. ಮೇಸ್ತ್ರಿಗಳು ಟ್ಯಾಂಕು ಬಸಿದು, ಮುಚ್ಚಳದ ರಬ್ಬರ್ ವಾಷರು ಸವೆದಿದೆ, ಬೇರೆ ಹಾಕಿ ಎಂದು ಒಂದು ಹೊಸ ವಾಷರನ್ನು ನನ್ನ ಕೈಗೆ ಕೊಟ್ಟಿದ್ದರು. ನಾನು ಮನೆಗೆ ಬಂದು ವಾಷರು ಹಾಕಿದೆ. ಹಾಕುವಾಗ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತೊಂದು ಕಂಡಿತು. ಅಯ್ಯೋ, ನೀರು ಇಳಿಯುವುದು ಇಲ್ಲಿಂದಲೇ, ಮೇಸ್ತ್ರಿಗಳ ಕಣ್ಣಿಗೆ ಬೀಳಲಿಲ್ಲ ಎಂದುಕೊಂಡೆ. ನಲ್ಲಿ ಸೋರುವುದಕ್ಕೆ ತಂದಿದ್ದ ಎಂ-ಸೀಲು ಮನೆಯಲ್ಲಿತ್ತು. ಎರಡು ಬಣ್ಣದ ಮೇಣವನ್ನು ಚೆನ್ನಾಗಿ ನಾದಿ, ತೂತಿನ ಮೇಲೆ ಮೆತ್ತಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ನುಣ್ಣಗೆ ಸವರಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನೂ ಅಲ್ಲವೆಂದುಕೊಂಡೆ. ಆಮೇಲೆ ಅಕ್ಟೋಬರಿನವರೆಗೆ ಕಾರು ತೋಟಕ್ಕೂ ಪೇಟೆಗೂ ಬಿಟ್ಟು ಎಲ್ಲಿಗೂ ಹೋಗಲಿಲ್ಲವಾದ್ದರಿಂದ ನನ್ನ ಕೆಲಸದ ಫಲ ಯಾರಿಗೂ ಕಾಣಲಿಲ್ಲ. ನಾನು ಮರೆತೂಬಿಟ್ಟೆ.

ಆ ತೂತು ಟ್ಯಾಂಕಿನ ಮೂಗು. ಕೆಲವು ಗಾಡಿಗಳಲ್ಲಿ ಗಾಳಿಗೆ ಬೇರೆ ಕೊಳವೆಯಿರುತ್ತದಂತೆ. ನಮ್ಮದು ಮುಚ್ಚಳದಿಂದಲೇ ಉಸಿರಾಡುತ್ತಿತ್ತು. ಪಂಪು ಒಂದು ಲೋಟ ಪೆಟ್ರೋಲು ಹೀರಿದರೆ ಅದರ ಜಾಗಕ್ಕೆ ಒಂದು ಲೋಟ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಒಳಗೆ ಬರಿದುಂಟಾಗಿ ಪೆಟ್ರೋಲನ್ನು ಹಿಂದಕ್ಕೇ ಎಳೆಯುತ್ತದೆ. ಸಮತಟ್ಟಿನಲ್ಲಿ ಎಂಜಿನು ಹೀರುವುದು ಕಡಿಮೆ, ವಾಷರಿನ ಸಂದಿನಿಂದ ನುಸುಳುವ ಗಾಳಿಯೇ ಸಾಕು. ಘಾಟಿಯಲ್ಲಿ ಸಾಲದು. ಹತ್ತು ನಿಮಿಷ ನಿಂತರೆ ಅದೇ ಸಂದಿನಿಂದ ಮೆಲ್ಲಗೆ ಗಾಳಿ ಸೇರಿ ಗಾಡಿಗೆ ಜೀವ ಬರುತ್ತದೆ, ಬಟ್ಟೆ ಸುತ್ತಿದರೂ ಅಷ್ಟೆ, ಕಾಯಿ ಒಡೆದರೂ ಅಷ್ಟೆ. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗೆ ಗಾಳಿಯೇ ಬೇಕಾದಷ್ಟಿರುವುದರಿಂದ ಅದು ಹಿಗ್ಗಿಕೊಂಡು ಘಾಟಿ ದಾಟಿಸಿಬಿಡುತ್ತದೆ. ಅಂಚಿನವರೆಗೆ ತುಂಬಿದ್ದರೆ ಹಿಗ್ಗುವುದಕ್ಕೆ ಗಾಳಿಯೇ ಇಲ್ಲ. ಮೇಸ್ತ್ರಿಗಳು ಕೊಳವೆ ಬಿಚ್ಚಿ ನೋಡಿದಾಗ ಪೆಟ್ರೋಲು ಚಿಮ್ಮಿದ್ದೂ, ಗ್ಯಾರೇಜಿನ ದಿಬ್ಬದ ಮೇಲೆ ಕಾರು ಓಡಿದ್ದೂ ಇದೇ ಕಾರಣಕ್ಕೆ. ಇದೆಲ್ಲ ಪಿ.ಯು.ಸಿ.ಯ ಪುಸ್ತಕದಲ್ಲಿತ್ತು, ಅದರ ಮೇಲೆ ನಾನು ಅಂಕವನ್ನೂ ಪಡೆದಿದ್ದೆ.

ಮುಚ್ಚಳವನ್ನು ತಿರುಗಿಸಿದೆ. ‘ಉಸ್ಸ್’ ಎಂದು ದೀರ್ಘವಾಗಿ ಗಾಳಿ ಒಳಕ್ಕೆ ಹೋಯಿತು. ಬಂಕಿನ ಹುಡುಗನಿಗೆ ಈ ಸದ್ದು ಎಷ್ಟೋ ಸಲ ಕೇಳಿಸಿರಬೇಕು.

“ಎಂಥದೋ ಅದು ಸದ್ದು?” ಎಂದರು ಅಪ್ಪಯ್ಯ.

“ಮುಚ್ಚಳದ ತೂತು ಕಟ್ಟಿತ್ತು,” ಎಂದೆ.

ಕನ್ನಡ ಅಧ್ಯಾಪಕರು ಇಲ್ಲಿ ನನ್ನ ವ್ಯಾಕರಣವನ್ನು ಗಮನಿಸಬೇಕು. ‘ಕಟ್ಟಿತ್ತು’ ಎಂದೆ, ‘ಕಟ್ಟಿದ್ದೆ’ ಎನ್ನಲಿಲ್ಲ. ಒಂದೇ ಧಾತು, ಒಂದೇ ಕಾಲ. ಕರ್ತೃವನ್ನು ಕತ್ತಲೆಯಲ್ಲಿ ಅಡಗಿಸಿಟ್ಟುಕೊಂಡೆ.

ದೊಡ್ಡಮ್ಮನ ಸೆರಗಿನ ಪಿನ್ನನ್ನು ಇಸಿದುಕೊಂಡು, ಆ ಮೇಣವನ್ನು ಕೆರೆಯುತ್ತ ನಿಂತೆ. ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಕೆಲಸ ಅಚ್ಚುಕಟ್ಟಾಗಿತ್ತೆಂದು ಮೊದಲೇ ಹೇಳಿದೆನಷ್ಟೆ. ದೊಡ್ಡಮ್ಮ ಕಿಟಕಿಯಿಂದ, “ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀಬೇಕು ಮಗಾ, ಒಂದು ಎಣ್ಣೆಗೆ, ಒಂದು ಗಾಳಿಗೆ. ಒಂದೇ ಹೊಡೆದರೆ ಗುಳು ಗುಳು ಅಂತ ನಿಂತುಹೋಗ್ತದೆ,” ಎಂದರು. ಹನ್ನೊಂದು ಸಾವಿರ ರೂಪಾಯಿಯ ರಿಪೇರಿಯನ್ನು ಅವರು ಅಡಿಗೆಮನೆಯ ಭಾಷೆಯಲ್ಲಿ ಒಂದೇ ಮಾತಿಗೆ ಮುಗಿಸಿದರು. ಕಾರು ಉಳಿದ ಎಂಟು ತಿರುವನ್ನೂ ನಿಲ್ಲದೆ ಹತ್ತಿತು. ದಾರಿಯುದ್ದಕ್ಕೂ ಅಪ್ಪಯ್ಯ ನನ್ನನ್ನು ಹೊಗಳಿದರು. ನನ್ನ ಜೀವಮಾನದಲ್ಲಿ ಅವರು ನನ್ನನ್ನು ಅಷ್ಟು ಹೊಗಳಿದ್ದಿಲ್ಲ. ಆರ್ಟ್ಸು ಓದಿದರೇನು, ಬುದ್ಧಿ ಇದ್ದರೆ ಸಾಕು ಎಂದರು. ನಾನು ಕಿಟಕಿಯ ಗಾಜಿಗೆ ಹಣೆಯೊತ್ತಿಕೊಂಡು ಕುಳಿತಿದ್ದೆ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕಾಲೇಜು ಬಿಟ್ಟ ಮೇಲೆ ಗ್ಯಾರೇಜಿಗೆ ಹೋದೆ. ಮುಚ್ಚಳ ನನ್ನ ಚೀಲದಲ್ಲಿತ್ತು. ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿ ಬಂದಿದ್ದೆ. ಮೇಸ್ತ್ರಿಗಳ ಕೈಗೆ ಅದನ್ನು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಉಳಿದಿದ್ದ ಎಂ-ಸೀಲಿನ ಅಂಚನ್ನು ಉಗುರಿನಿಂದ ಮುಟ್ಟಿದರು. ನಾನು ಬಾಯಿಬಿಡುವ ಮೊದಲೇ, “ಇದು ನಿಮ್ಮ ಕೈಕೆಲಸವಾ ಮರಿ?” ಎಂದರು.

“ಹೌದು.”

ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ತುಂಬ ಹೊತ್ತು ಆ ಮುಚ್ಚಳವನ್ನೇ ತಿರುಗಿಸಿ ತಿರುಗಿಸಿ ನೋಡಿದರು. “ಎಷ್ಟು ಸಲ ಇದನ್ನು ತೆಗೆದು ಪಕ್ಕದಲ್ಲಿಟ್ಟು ಕೆಲಸ ಮಾಡಿದೆ ನಾನು. ತೆಗೆದಾಗೆಲ್ಲ ಗಾಡಿ ಸರಿಯಾಗ್ತಿತ್ತು. ಅದಕ್ಕೇ ಕಾಣಲಿಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬಳಿಕ, “ಅಪ್ಪಯ್ಯನಿಗೆ ಹೇಳಿದ್ರಾ?” ಎಂದು ಕೇಳಿದರು. ನಾನು ತಲೆಯಾಡಿಸಿದೆ. “ಹಾಗಾದರೆ ಹೇಳಬೇಡಿ. ಆಗಿಹೋಯ್ತು,” ಎಂದರು.

ಅವರು ಹಾಗೆನ್ನದಿದ್ದರೆ ಬಹುಶಃ ಹೇಳುತ್ತಿರಲಿಲ್ಲವೇನೋ. ಆ ರಾತ್ರಿ ಊಟವಾದ ಮೇಲೆ ಅಪ್ಪಯ್ಯ ಜಗಲಿಯಲ್ಲಿ ಅಡಕೆ ಸುಲಿಯುತ್ತ ಕುಳಿತಿದ್ದಾಗ ಹೇಳಿದೆ. ಈ ಸಲ ಕರ್ತೃವನ್ನು ಮೊದಲೇ ಇಟ್ಟು ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ಅರ್ಧ ತುಂಬುವವರೆಗೂ ಮಾತಿಲ್ಲ. ಕೊನೆಗೆ, “ಅವರಿಗೆ ಗೊತ್ತಾ?” ಎಂದರು. ಗೊತ್ತು ಎಂದೆ. “ಏನಂದರು?” ಎಂದರು. ನಿಮಗೆ ಹೇಳಬೇಡ ಎಂದರು, ಎಂದೆ. ಅಪ್ಪಯ್ಯ ಕತ್ತಿಯನ್ನು ಕೆಳಗಿಟ್ಟು ಒಳಗೆ ಹೋದರು.

ಸಂತೆಯ ದಿನ ಬೆಳಿಗ್ಗೆ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು. ಕ್ಷಮೆ ಕೇಳುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗಿಲ್ಲ; ಇಬ್ಬರೂ ಅಡಕೆಯ ಧಾರಣೆಯ ವಿಷಯ ಮಾತಾಡಿದರು. ಆಮೇಲೆ ಅಪ್ಪಯ್ಯ ಜೇಬಿನಿಂದ ಹಣ ತೆಗೆದು, “ಪಂಪಿನದು ಬಾಕಿ ಇತ್ತಲ್ಲ,” ಎಂದು ಕೊಟ್ಟರು. ಮೇಸ್ತ್ರಿಗಳು ಎಣಿಸಿ ಮುನ್ನೂರು ರೂಪಾಯಿ ಹಿಂದಕ್ಕೆ ಕೊಟ್ಟರು. ಯಾತಕ್ಕೆಂದು ಅಪ್ಪಯ್ಯ ಕೇಳಲಿಲ್ಲ. “ಫೆಬ್ರವರಿಯಲ್ಲಿ ಕೊನೆಯದು. ನೀವು ಬರಬೇಕು,” ಎಂದರು.

ಹಾಗೆ ಆರನೆಯ ಪ್ರಯಾಣದಲ್ಲಿ ಮುಂದಿನ ಸೀಟು ಮೇಸ್ತ್ರಿಗಳದಾಯಿತು. ನಾನು ಹಿಂದೆ ಅಮ್ಮನಿಗೂ ದೊಡ್ಡಮ್ಮನಿಗೂ ನಡುವೆ ಮುದುಡಿ ಕುಳಿತೆ. ಹೆಬ್ರಿಯಲ್ಲಿ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿದರು. ಬಂಕಿನ ಹುಡುಗ ಮುಚ್ಚಳ ಹಾಕಿದ ಮೇಲೆ ದೊಡ್ಡಮ್ಮ, ತಲೆಗೆ ಕಟ್ಟಿದ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ, “ಒಮ್ಮೆ ನೋಡಿ ಬಾ ಮಗಾ,” ಎಂದು ನನ್ನನ್ನು ಕೆಳಗಿಳಿಸಿದರು. ತೂತು ತೆರೆದೇ ಇತ್ತು. ಸೋಮೇಶ್ವರ ದಾಟಿತು, ತಿರುವುಗಳು ಒಂದೊಂದಾಗಿ ಬಂದವು. ಎಂಟನೆಯದು ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮೇಸ್ತ್ರಿಗಳು ತಲೆಯನ್ನು ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕುಳಿತವರಂತೆ ಕೇಳುತ್ತಿದ್ದರು. ಹದಿನಾಲ್ಕನೆಯ ತಿರುವೂ ಮುಗಿದು ಆಗುಂಬೆಯ ದೀಪಗಳು ಕಂಡ ಮೇಲೆ ಕಣ್ಣು ತೆರೆದು ಹೇಳಿದರು:

“ಟ್ಯಾಪೆಟ್ ಒ೦ದು ಸದ್ದು ಮಾಡ್ತಾ ಉಂಟು ಗೌಡ್ರೆ. ಸೋಮವಾರ ತಗೊಂಡು ಬನ್ನಿ.”